ಕಾರಿನ ಬಣ್ಣ ಮತ್ತು ಲೇಶ್ಯೆ

ಎರಡೇ ಆಸನಗಳ ವೇಗದ ಕಾರು ಹಾಸನದ ಸೀಮೆಯಲ್ಲಿ ಇಂದಿಗೂ ಅಪರೂಪದ ವಸ್ತು. ಹೊಳೆನರಸೀಪುರದ ಪೇಟೆಯಲ್ಲಿ ಅಂಥದೊಂದು ನಿಂತರೆ ಮಕ್ಕಳು ಸುತ್ತುಗಟ್ಟುತ್ತಾರೆ. ಅದನ್ನು ಕೊಳ್ಳಲೆಣಿಸಿದ ಶ್ರಾವಕ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಮಗನಿಗೆ ಕೆಂಪು ಬೇಕು. ತಂದೆ ಬಿಳಿಯೇ ಆಗಲೆನ್ನುತ್ತಾರೆ: ಕೆಂಪು ಬಿಸಿಲಿಗೆ ಮಂಕಾಗುತ್ತದೆ, ಬಿಳಿ ಕಾಯುವುದು ಕಡಿಮೆ, ನಾಲ್ಕು ವರ್ಷಗಳ ಬಳಿಕ ಮಾರುವಾಗ ಗಿರಾಕಿ ಬೇಗ ಸಿಗುತ್ತಾನೆ. ಇಂಥ ಕಾರಿಗೆ ಎದ್ದು ಕಾಣುವ ಬಣ್ಣವನ್ನೇ ಅರಸಿ ಬರುವವರೂ ಉಂಟೆಂಬುದು ಮಗನ ಉತ್ತರ. (ಕೆಂಪಿನ ಮೋಹವಾದರೂ ಎರವಲಿನದೇ. ಹಿಂದೆ ಕಾರುಪಂದ್ಯಗಳಲ್ಲಿ ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ ಎಂಬ ಕಟ್ಟಳೆಯಿತ್ತು.)

ಇವರಿಬ್ಬರಲ್ಲಿ ಮೋಹ ಯಾರಿಗೆ ಹೆಚ್ಚು? ವಸ್ತು ಮನೆಗೆ ಬರುವ ಮುನ್ನವೇ ಅದನ್ನು ಬಿಡುವ ಯೋಚನೆ ಮಾಡಿದ ತಂದೆ ವಿರಕ್ತರಂತೆ ಕಾಣುತ್ತಾರೆ. ಆದರೆ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸಿದ್ದು ಮೂರ್ಛೆಯಲ್ಲಿ. ನಾಲ್ಕು ವರ್ಷವೂ ಚಿತ್ತ ಮರುಮಾರಾಟದ ಬೆಲೆಯಲ್ಲೇ ನೆಟ್ಟಿದ್ದರೆ ಮೂರ್ಛೆ ಕಾರಿನಿಂದ ಹಣಕ್ಕೆ ಸರಿಯಿತೇ ಹೊರತು ಕರಗಲಿಲ್ಲ.

ಬಣ್ಣದ ಮಾತು ಜೈನರಿಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 10ನೆಯ ಶತಮಾನದ ಕೊನೆಯಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಕೃಷ್ಣದಿಂದ ಶುಕ್ಲದವರೆಗಿನ ಆರು ಲೇಶ್ಯೆಗಳನ್ನು ವಿವರಿಸಿದ್ದಾರೆ. ಶರೀರದ ಬಣ್ಣ ದ್ರವ್ಯಲೇಶ್ಯೆ. ಕಷಾಯದಿಂದ ರಂಗೇರಿದ ಪ್ರವೃತ್ತಿ ಭಾವಲೇಶ್ಯೆ. ಹಣ್ಣಿನ ಮರವನ್ನು ಕಂಡ ಆರು ಮಂದಿ ದಾರಿಹೋಕರಲ್ಲಿ ಒಬ್ಬನು ಬುಡಸಹಿತ ಕೀಳಲೆಣಿಸಿದರೆ ಕೊನೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕಾಯಿತು. ಮರವೂ ಒಂದೇ, ಹಸಿವೂ ಒಂದೇ. ಹಾಗೆಯೇ ಬಿಳಿಯ ಕಾರನ್ನು ಕೃಷ್ಣಲೇಶ್ಯೆಯಿಂದ ಮಾರಲು ಸಾಧ್ಯ.

ಅದು ನಡೆಯುವುದು ಟಿಂಕರಿಂಗ್ ಅಂಗಡಿಯಲ್ಲಿ. ಅಪಘಾತದಲ್ಲಿ ನುಗ್ಗಾದ ಬಾಗಿಲಿಗೆ ಪುಟ್ಟಿ ತುಂಬಿ, ಉಜ್ಜಿ, ಅದೇ ಬಣ್ಣ ಹೊಡೆದರೆ ಹೊಸದರಂತೆ ಹೊಳೆಯುತ್ತದೆ. ನೋಂದಣಿ ಪತ್ರದಲ್ಲಿ ವಾಹನದ ಬಣ್ಣ ನಮೂದಾಗಿರುವುದರಿಂದ ಬೇರೆ ಬಣ್ಣ ಬಳಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು, ಅದೇ ಬಣ್ಣವನ್ನು ಮತ್ತೆ ಬಳಿದವನನ್ನು ಆ ಪತ್ರ ಹಿಡಿದುಕೊಡದು. ಬಲ್ಲ ಗಿರಾಕಿ ಅಯಸ್ಕಾಂತ ಹಿಡಿದು ನೋಡುತ್ತಾನೆ. ದಪ್ಪ ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ. ಅರಿಯದವನು ಹಣ ಎಣಿಸಿ ಕೊಡುತ್ತಾನೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಎಂದರೆ ಒಂದನ್ನು ಮತ್ತೊಂದೆಂದು ತೋರಿಸಿ ಮಾರುವುದನ್ನು, ಎಣಿಸಿರುವುದು ಇಂಥದಕ್ಕೇ ಸಲ್ಲುತ್ತದೆ.

ಅವನು ಕೇಳಲಿಲ್ಲ, ತಾನು ಸುಳ್ಳಾಡಲಿಲ್ಲ ಎಂಬ ಸಮಾಧಾನ ಸಾಲದು. ಕಾರನ್ನು ತೊಳೆದು ಮೆರುಗು ಕೊಟ್ಟು ಮಾರುವುದು ಬೇರೆ ಮಾತು. ಪೆಟ್ಟಿನ ಸಂಗತಿ ತಿಳಿದಿದ್ದರೆ ಗಿರಾಕಿ ಎಷ್ಟು ಕಡಿಮೆ ಕೊಡುತ್ತಿದ್ದನೋ, ಅಷ್ಟು ಹಣ ಅವನು ಅರಿತು ಕೊಟ್ಟದ್ದಲ್ಲ, ಅದು ಅದತ್ತಾದಾನ. ಚೌಕಟ್ಟೇ ಬಾಗಿದ್ದರಂತೂ ಪ್ರಶ್ನೆ ಹಣದ್ದಷ್ಟೇ ಅಲ್ಲ. ವೇಗಕ್ಕಾಗಿಯೇ ಕೊಳ್ಳುವ ಕಾರಿನಲ್ಲಿ ಮುಚ್ಚಿಟ್ಟ ದೋಷ ಪ್ರಾಣಹಿಂಸೆಗೆ ದಾರಿ.

ಮಾರುವ ದಿನ ಅರಕಲಗೂಡಿನಿಂದ ಬಂದ ತರುಣನೊಬ್ಬನು ಬಿಳಿಯ ಬಾಗಿಲಿನ ಮೇಲೆ ಕೈಯಾಡಿಸಿ ತಲೆದೂಗುತ್ತಾನೆಂದುಕೊಳ್ಳೋಣ. ಎಡಬದಿಗೆ ಪೆಟ್ಟು ಬಿದ್ದಿತ್ತೆಂದು ತಂದೆ ಹೇಳಬೇಕಾದದ್ದು ಆಗಲೇ. ಕೆಂಪು ಬೇಡಿದ್ದ ಮಗ ಪಕ್ಕದಲ್ಲೇ ನಿಂತಿರುತ್ತಾನೆ.