ಚಾಕುವಿನ ಕ್ರಯವಿಕ್ರಯ ಮತ್ತು ಶ್ರಾವಕಧರ್ಮ

ಶ್ರಾವಕನ ಮನೆಯಲ್ಲಿ ಶಸ್ತ್ರವಿಲ್ಲದಿರಬಹುದು; ಚಾಕುವಿಲ್ಲದ ಅಡುಗೆಮನೆ ಮಾತ್ರ ಇರಲಾರದು. ತರಕಾರಿ ಹೆಚ್ಚುವುದರಲ್ಲಿಯೂ ಹಿಂಸೆ ಇದೆ. ಆದರೆ ಅದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ. ಸಂಕಲ್ಪಪೂರ್ವಕವಾದ ಹಿಂಸೆಯಾದರೋ ಸರ್ವಥಾ ತ್ಯಾಜ್ಯ. ಜನ್ನಕವಿಯ ‘ಯಶೋಧರ ಚರಿತೆ’ಯಲ್ಲಿ ಅರಸನು ಕಡಿದುದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವು ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿತು. ಅಲಗು ಒಂದೇ, ಅದನ್ನು ಹಿಡಿದವನ ಭಾವವೇ ಬೇರೆ ಬೇರೆ. ಆದುದರಿಂದ ಅಲಗನ್ನು ಯಾರ ಕೈಗೆ ಕೊಡುತ್ತೇವೆ ಎಂಬುದು ಧರ್ಮದ ಪ್ರಶ್ನೆಯೇ ಆಗಿದೆ.

ಹಿಂದೆ ಚಾಕು, ಕುಡುಗೋಲು, ಈಳಿಗೆಮಣೆಗಳು ಕಮ್ಮಾರನ ಕುಲುಮೆಯಿಂದಲೋ ಸಂತೆಯಿಂದಲೋ ಪೇಟೆಯ ಪಾತ್ರೆ ಅಂಗಡಿಯಿಂದಲೋ ಬರುತ್ತಿದ್ದವು. ಇಂದು ಮೊಬೈಲಿನಲ್ಲಿ ಚಿತ್ರ ನೋಡಿ ಹಣ ಕಟ್ಟಿದರೆ ಚಾಕು ಬಾಗಿಲಿಗೇ ಬರುತ್ತದೆ. ಯಾವುದು ಅಗ್ಗ, ಯಾವುದು ಸುಲಭ ಎಂಬ ಚರ್ಚೆ ಎಲ್ಲೆಡೆ ನಡೆಯುತ್ತದೆ. ಶ್ರಾವಕನು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಮಾತೊಂದಿದೆ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಹಿಂಸಾದಾನ, ಅಂದರೆ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದು. ಅವರ ಪಟ್ಟಿಯಲ್ಲಿ ಖಡ್ಗವೂ ವಿಷವೂ ಇರುವಂತೆ ಕೊಡಲಿ, ಗುದ್ದಲಿ, ಬೆಂಕಿಗಳೂ ಇವೆ. ಎಂದರೆ ಆಚಾರ್ಯರ ದೃಷ್ಟಿ ಯುದ್ಧದ ಆಯುಧಗಳ ಮೇಲೆ ಮಾತ್ರವಲ್ಲ, ಮನೆಬಳಕೆಯ ವಸ್ತುಗಳ ಮೇಲೂ ಇತ್ತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರರೂ ಹದಿಮೂರನೆಯ ಶತಮಾನದಲ್ಲಿ ಪಂಡಿತ ಆಶಾಧರರೂ ಇದಕ್ಕೊಂದು ವಿವೇಕದ ಎಲ್ಲೆಯನ್ನು ಸೇರಿಸಿದರು. ದಾಕ್ಷಿಣ್ಯದ ಸಂಬಂಧವಿಲ್ಲದವರಿಗೆ ಇಂಥ ವಸ್ತುಗಳನ್ನು ಕೊಡಬಾರದೆಂಬುದು ಅವರ ಅಭಿಪ್ರಾಯ. ಬಂಧುಗಳು, ನೆರೆಹೊರೆಯವರು, ಪರಸ್ಪರ ಕೊಡುಕೊಳ್ಳುವವರು ಈ ನಿಷೇಧದಿಂದ ಹೊರಗುಳಿದರು. ಪರಿಚಯವಿದ್ದಲ್ಲಿ ಉದ್ದೇಶ ತಿಳಿದಿರುತ್ತದೆ. ಉದ್ದೇಶ ತಿಳಿದಲ್ಲಿ ಹೊಣೆಯನ್ನು ಹೊರಬಹುದು. ಈ ವಿನಾಯಿತಿಯ ಮರ್ಮ ಇದೇ ಇರಬೇಕು.

ಸಣ್ಣ ಪೇಟೆಯ ಒಂದು ಪಾತ್ರೆ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಗದ್ದುಗೆಯ ಮೇಲೆ ಹಿರಿಯರು, ಪಕ್ಕದಲ್ಲಿ ಮಗ. ಸಂಜೆಯ ಹೊತ್ತು ಒಬ್ಬ ಯುವಕ ಬಂದು ಉದ್ದನೆಯ ಚಾಕು ಕೇಳುತ್ತಾನೆ. ಅವನ ಕಣ್ಣು ಕೆಂಪಾಗಿದೆ, ಮಾತು ತಡವರಿಸುತ್ತಿದೆ. ಹಿರಿಯರು, “ಈಗ ಇಲ್ಲಪ್ಪ, ನಾಳೆ ಬಾ” ಎಂದು ಕಳುಹಿಸುತ್ತಾರೆ. ಅವನು ಹೋದ ಮೇಲೆ ಮಗ, “ಅಪ್ಪಾಜಿ, ನಾವು ಕೊಡದಿದ್ದರೆ ಅವನು ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾನೆ. ನಮ್ಮ ವ್ಯಾಪಾರ ಹೋಯಿತು, ಅಷ್ಟೇ” ಎನ್ನುತ್ತಾನೆ.

ಮಗನ ಮಾತು ಹಗುರವಾದುದಲ್ಲ. ವ್ಯಾಪಾರ ಕುಗ್ಗುತ್ತಿರುವ ಅನೇಕ ಮನೆಗಳಲ್ಲಿ ಇಂದು ಕೇಳಿಬರುವ ಮಾತೇ ಅದು. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಪಾಪವು ಬರುತ್ತದೆಂದು ಒಪ್ಪಿದವನಿಗೆ ಇನ್ನೊಬ್ಬನು ಬಾಗಿಲು ತೆರೆದಿದ್ದಾನೆಂಬುದು ತನ್ನ ಬಾಗಿಲನ್ನು ತೆರೆಯಲು ಕಾರಣವಾಗದು. ಇದಲ್ಲದೆ ಕ್ರೋಧಕ್ಕೆ ಆಯುಷ್ಯ ಕಡಿಮೆ. ತರಿಸಿಕೊಂಡ ಚಾಕು ತಲುಪುವುದಕ್ಕೆ ಒಂದೆರಡು ದಿನ ಹಿಡಿದರೆ ಅಷ್ಟರಲ್ಲಿ ಕಷಾಯವು ಇಳಿದಿರಬಹುದು. ಹಿರಿಯರ “ನಾಳೆ ಬಾ” ಎಂಬ ಮಾತು ಕೊಟ್ಟದ್ದೂ ಇದೇ ಅವಕಾಶವನ್ನು.

ಇಷ್ಟರಿಂದ ಅಂಗಡಿಯೇ ಧರ್ಮ, ಆನ್‌ಲೈನ್ ಖರೀದಿಯೇ ಅಧರ್ಮ ಎಂದು ತೀರ್ಮಾನಿಸಲಾಗದು. ಮುಖವನ್ನೇ ನೋಡದೆ ಕಾಸು ಎಣಿಸುವ ಅಂಗಡಿಯವನಿಗೂ ಯಂತ್ರಕ್ಕೂ ಭೇದವಿಲ್ಲ. ಅತ್ತ ಆನ್‌ಲೈನ್ ವ್ಯಾಪಾರದಲ್ಲಿ ಕೊಂಡವನ ಹೆಸರು, ವಿಳಾಸಗಳ ದಾಖಲೆ ಉಳಿಯುತ್ತದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವನ ವಿವರವನ್ನೂ ವಸ್ತು ತಯಾರಾದ ದೇಶವನ್ನೂ ತಿಳಿಸಬೇಕು. ಕಾನೂನು ಇನ್ನೂ ಕೆಲವು ಎಲ್ಲೆಗಳನ್ನು ಹಾಕಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ರೂಪಿಸಿದ 2016ರ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಇಲ್ಲವೆ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು ಶಸ್ತ್ರಗಳ ವರ್ಗಕ್ಕೆ ಸೇರಿಸುತ್ತವೆ. ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ತಯಾರಾದವುಗಳನ್ನು ಬಿಡುತ್ತವೆ. ಮನೆಬಾಗಿಲಿಗೆ ಬರುವ ಚಾಕುಗಳು ಎಳೆಯರ ಕೈಸೇರುವುದನ್ನು ತಡೆಯಲು ಬ್ರಿಟನ್ನು 2019ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿ, ತಲುಪಿಸುವಾಗ ವಯಸ್ಸನ್ನು ಪರೀಕ್ಷಿಸಬೇಕೆಂದು ವಿಧಿಸಿತು. ಇವೆಲ್ಲ ಅವಶ್ಯವೇ. ಆದರೆ ಕಾನೂನು ಅಲಗಿನ ಅಳತೆಯನ್ನೂ ಕೊಳ್ಳುವವನ ವಯಸ್ಸನ್ನೂ ಕೇಳಬಲ್ಲುದು. ಅವನ ಮನಸ್ಸನ್ನು ಕೇಳಲಾರದು. ಆ ಕೆಲಸ ವ್ರತಕ್ಕೆ ಸೇರಿದ್ದು.

ಕೊಳ್ಳುವವನಿಗೂ ಕರ್ತವ್ಯಗಳಿವೆ. ಕೆಲವು ಚಾಕುಗಳ ಹಿಡಿಯನ್ನು ಕೊಂಬು, ಮೂಳೆಗಳಿಂದ ಮಾಡುತ್ತಾರೆ. ಕೆಲವಕ್ಕೆ ಚರ್ಮದ ಒರೆ ಇರುತ್ತದೆ. ಅಂಗಡಿಯಲ್ಲಾದರೆ ಮುಟ್ಟಿ, ಕೇಳಿ ತಿಳಿಯಬಹುದು; ಆನ್‌ಲೈನಿನಲ್ಲಿ ವಿವರಣೆಯನ್ನು ಕಡೆಯವರೆಗೆ ಓದಬೇಕು, ಸಂದೇಹವಿದ್ದರೆ ಬಿಡಬೇಕು. ಹೆಸರಾಂತ ಕಂಪನಿಯ ಗುರುತು ಒತ್ತಿದ ನಕಲಿ ಮಾಲನ್ನು ತಿಳಿದೂ ಅಗ್ಗಕ್ಕೆ ಕೊಳ್ಳುವುದು ಸಲ್ಲದು. ಅಸಲಿನ ಹೆಸರಿನಲ್ಲಿ ನಕಲಿಯನ್ನು ನಡೆಸುವ ಪ್ರತಿರೂಪಕ ವ್ಯವಹಾರವನ್ನು ‘ತತ್ತ್ವಾರ್ಥಸೂತ್ರ’ವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ, ತಿಳಿದು ಕೊಳ್ಳುವವನು ಅದನ್ನು ಅನುಮೋದಿಸಿದಂತಾಗುತ್ತದೆ. ಒಂದು ಚಾಕು ಸಾಕಾಗುವಲ್ಲಿ ರಿಯಾಯಿತಿಯ ಆಸೆಯಿಂದ ಆರು ಚಾಕುಗಳ ಜೊತೆಯನ್ನೇ ತರಿಸಿದರೆ ಭೋಗೋಪಭೋಗ ಪರಿಮಾಣಕ್ಕೆ ಅರ್ಥವಿಲ್ಲ. ಮೊಂಡಾದ ಚಾಕುವಿಗೆ ಸಾಣೆ ಹಿಡಿಸಿದರೆ ಹಲವು ವರ್ಷ ಬಾಳುತ್ತದೆ, ಒಬ್ಬ ಕುಶಲಿಗೆ ಅನ್ನವೂ ಆಗುತ್ತದೆ. ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣವನ್ನು ಮನೆಯ ಮಗು ಒಡೆಯದಂತೆ ನೋಡಿಕೊಳ್ಳುವುದೂ ಅಪ್ರಮಾದವೇ.

ಬಸದಿಗಳ ಟ್ರಸ್ಟಿನವರು ಉತ್ಸವದ ಅಡುಗೆಗೆ ಚಾಕುಗಳನ್ನು ಕೊಳ್ಳುವಾಗ ದರಪಟ್ಟಿಯ ಜೊತೆಗೆ ಈ ವಿಚಾರವನ್ನೂ ಎದುರಿಗಿಟ್ಟುಕೊಳ್ಳುವುದು ಉಚಿತ. ಎಷ್ಟು ತಂದೆವು, ಎಷ್ಟು ಉಳಿದವು, ಯಾರ ವಶದಲ್ಲಿವೆ ಎಂಬ ಲೆಕ್ಕ ಪುಸ್ತಕದಲ್ಲಿರಬೇಕು. ಉತ್ಸವ ಮುಗಿದ ಮೇಲೆ ಅಡುಗೆಶಾಲೆಯಲ್ಲಿ ಅನಾಥವಾಗಿ ಬಿದ್ದಿರುವ ಚಾಕು ಯಾರ ಕೈಗಾದರೂ ಸಿಗಬಹುದು.

ಇನ್ನು ಅಂಗಡಿಯ ಮಗನ ವಿಷಯ. ಅವನು ಕಾಲಕ್ಕೆ ತಕ್ಕಂತೆ ಆನ್‌ಲೈನಿನಲ್ಲಿಯೂ ಮಾರಬೇಕಾಗಬಹುದು, ಅದಕ್ಕೆ ಅಡ್ಡಿಯಿಲ್ಲ. ಗಿರಾಕಿಯ ಮುಖ ಅಲ್ಲಿ ಕಾಣದು. ಆದರೆ ತನ್ನ ಸರಕು ತನಗೆ ಕಾಣುತ್ತದೆ. ಅಡುಗೆಗೆ, ತೋಟಕ್ಕೆ ಬೇಕಾದುದನ್ನಷ್ಟೇ ಇಡುವುದು, ಹೆದರಿಸುವುದಕ್ಕೆಂದೇ ರೂಪಿಸಿದ ಅಲಗುಗಳನ್ನು ಲಾಭವಿದ್ದರೂ ಬಿಡುವುದು, ಕ್ರೌರ್ಯವನ್ನು ಕೆರಳಿಸುವ ಹೆಸರು, ಚಿತ್ರಗಳಿಂದ ಮಾರದಿರುವುದು, ಇವು ಅವನ ಕೈಯಲ್ಲೇ ಇವೆ. ಎದುರಿಗೆ ನಿಂತವನನ್ನು ಕೇಳಬಹುದಾದ ಪ್ರಶ್ನೆಯನ್ನು ಅಲ್ಲಿ ಮೊದಲೇ ತನ್ನನ್ನು ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡವನಿಗೆ ಕೆಲವು ಗಿರಾಕಿಗಳು ತಪ್ಪಿಹೋದಾರು. ಆ ನಷ್ಟವನ್ನು ತಂದೆ ಅಂದು ಸಂಜೆ ಗದ್ದುಗೆಯ ಮೇಲೆ ಕುಳಿತೇ ಒಪ್ಪಿಕೊಂಡಿದ್ದರು. ಮಗನೂ ಅದನ್ನು ಒಪ್ಪಿಕೊಂಡರೆ ಅಂಗಡಿ ಎಲ್ಲಿ ನಡೆದರೂ ಮನೆಯ ವ್ರತ ಮುಂದುವರಿಯುತ್ತದೆ.