ವಚನಭ್ರಷ್ಟನಾರು?

ಕೊಟ್ಟ ಮಾತಿಗೆ ತಪ್ಪಿದವನನ್ನು ನಿಂದಿಸುವುದಕ್ಕೆ ಯಾವ ಭಾಷೆಯಲ್ಲಿಯೂ ಶಬ್ದದಾರಿದ್ರ್ಯವಿಲ್ಲ. ಕನ್ನಡಿಗರು ಅವನನ್ನು ಎರಡು ನಾಲಗೆಯವನೆನ್ನುತ್ತಾರೆ, ಸಂಸ್ಕೃತಜ್ಞರು ಪ್ರತಿಜ್ಞಾಭ್ರಷ್ಟನೆನ್ನುತ್ತಾರೆ. ಆಂಗ್ಲಭಾಷೆಯಲ್ಲಿ ಇದೇ ಅರ್ಥವನ್ನು ಕೊಡುವ ‘ರೆಕ್ರಿಯಂಟ್’ ಎಂಬ ಪದವೊಂದುಂಟು. ಹಳೆಯ ನಾಟಕಗಳಲ್ಲಿಯೂ ಕೋಶಗಳಲ್ಲಿಯೂ ಕಾಣುವ ಈ ಪದವು ಈಗಿನ ಬಳಕೆಯ ಮಾತಿನಲ್ಲಿ ಬಹು ವಿರಳವಾಗಿದೆ. ಆದರೂ ಅದರ ಚರಿತ್ರೆಯನ್ನು ಪರಿಶೀಲಿಸಿದವರಿಗೆ, ಒಬ್ಬನನ್ನು ವಚನಭ್ರಷ್ಟನೆಂದು ಕರೆಯುವುದಕ್ಕೆ ಮೊದಲು ಎಷ್ಟು ವಿಚಾರ ಮಾಡಬೇಕಾಗುತ್ತದೆಂಬುದು ವಿಶದವಾಗುವುದು.

ಈ ಪದವು ಪ್ರಾಚೀನ ಫ್ರೆಂಚ್ ಭಾಷೆಯಿಂದ ಇಂಗ್ಲೆಂಡಿಗೆ ಬಂದುದು. ‘ಸೋತೆನೆಂದು ಒಪ್ಪಿ ತನ್ನನ್ನು ಒಪ್ಪಿಸಿಕೊಳ್ಳುವವನು’ ಎಂಬುದು ಅದರ ಮೊದಲ ಅರ್ಥ. ಅದರ ಒಡಲಿನಲ್ಲಿರುವುದು ಲ್ಯಾಟಿನ್ ಭಾಷೆಯ ‘ಕ್ರೇದೆರೆ’ ಎಂಬ ಕ್ರಿಯಾಪದ. ನಂಬುವುದು, ನಂಬಿ ಒಪ್ಪಿಸುವುದು ಎಂದು ಅದಕ್ಕರ್ಥ. ಈ ಕ್ರಿಯಾಪದವೂ ಸಂಸ್ಕೃತದ ‘ಶ್ರದ್ಧಾ’ ಎಂಬ ಪದವೂ ಒಂದೇ ಮೂಲದಿಂದ ಕವಲೊಡೆದುವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುತ್ತಾರೆ. ಆದುದರಿಂದ ಈ ನಿಂದೆಯ ಮೂಲದಲ್ಲಿರುವುದು ಶ್ರದ್ಧೆಯೇ. ತಾನು ಯಾವುದರಲ್ಲಿ ಶ್ರದ್ಧೆಯನ್ನಿಟ್ಟಿದ್ದನೋ ಅದನ್ನು ಬಿಟ್ಟು, ಎದುರಾಳಿಯ ಕೈಗೆ ತನ್ನನ್ನು ಒಪ್ಪಿಸಿದವನು ರೆಕ್ರಿಯಂಟನು.

ಎದುರಾಳಿಯ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕೆಲವು ವ್ಯಾಜ್ಯಗಳು ದ್ವಂದ್ವಯುದ್ಧದಿಂದ ತೀರ್ಮಾನವಾಗುತ್ತಿದ್ದುವು. ಸತ್ಯವುಳ್ಳವನಿಗೆ ದೇವರು ಜಯವನ್ನು ಕೊಡುವನೆಂಬುದು ಅಂದಿನವರ ನಂಬಿಕೆ. ವಾದಿ ಪ್ರತಿವಾದಿಗಳು ದೊಣ್ಣೆಗಳನ್ನು ಹಿಡಿದು ಸೂರ್ಯೋದಯದಿಂದ ನಕ್ಷತ್ರಗಳು ಕಾಣುವವರೆಗೆ ಹೋರಾಡಬೇಕು. ಆರೋಪಿತನು ಅಲ್ಲಿಯವರೆಗೆ ನಿಂತರೆ ಅವನು ನಿರ್ದೋಷಿ. ನಡುವೆ ಯಾವನು ಹೊಡೆತವನ್ನು ತಾಳಲಾರದೆ ಸೋತೆನೆಂದು ಕೂಗಿಕೊಳ್ಳುವನೋ ಅವನಿಗೆ ಆ ಹೀನವಾದ ಹೆಸರು ಅಂಟಿಕೊಳ್ಳುವುದು. ಅಂದಿನಿಂದ ಅವನ ಸಾಕ್ಷ್ಯವನ್ನು ಯಾವ ನ್ಯಾಯಸ್ಥಾನವೂ ಸ್ವೀಕರಿಸದು. ಪಂಚಾಯತರ ಸಾಲಿನಲ್ಲಿ ಅವನಿಗೆ ಸ್ಥಾನವಿಲ್ಲ. ಒಮ್ಮೆ ಬಾಯಿಂದ ಹೊರಟ ಒಂದು ಕೂಗಿಗಾಗಿ, ಬದುಕಿರುವಷ್ಟು ಕಾಲವೂ ಅವನ ಮಾತಿಗೆ ಬೆಲೆಯಿಲ್ಲದೆ ಹೋಗುತ್ತಿತ್ತು.

ಈ ಪದ್ಧತಿಯು ಬಳಕೆ ತಪ್ಪಿ ಎಷ್ಟೋ ಕಾಲವಾಗಿದ್ದರೂ ಶಾಸನದ ಪುಟದಲ್ಲಿ ಉಳಿದೇ ಇತ್ತು. 1817ರಲ್ಲಿ ಮೇರಿ ಆಷ್‌ಫರ್ಡ್ ಎಂಬ ತರುಣಿಯ ಹತ್ಯೆಯ ಆರೋಪದಿಂದ ಅಬ್ರಹಾಂ ಥಾರ್ನ್‌ಟನ್ ಎಂಬವನು ಬಿಡುಗಡೆ ಹೊಂದಿದನು. ಆಕೆಯ ಸೋದರನು ಹಳೆಯ ಶಾಸನವೊಂದನ್ನು ಅನುಸರಿಸಿ ಅವನನ್ನು ಮರಳಿ ನ್ಯಾಯಾಧೀಶರ ಮುಂದೆ ತಂದನು. ಥಾರ್ನ್‌ಟನ್ನನು ಅದಕ್ಕಿಂತಲೂ ಹಳೆಯ ಹಕ್ಕನ್ನು ಹಿಡಿದು, ಲಂಡನ್ನಿನ ರಾಜನ್ಯಾಯಸ್ಥಾನದಲ್ಲಿ ಕೈಗವಸನ್ನು ನೆಲಕ್ಕೆಸೆದು ದ್ವಂದ್ವಕ್ಕೆ ಕರೆದನು. ಆ ಹಕ್ಕು ಇನ್ನೂ ಜೀವಂತವಾಗಿದೆಯೆಂದು ನ್ಯಾಯಾಧೀಶರು 1818ರಲ್ಲಿ ಒಪ್ಪಲೇಬೇಕಾಯಿತು. ಸೋದರನು ಕೃಶಶರೀರದ ಹುಡುಗ, ಥಾರ್ನ್‌ಟನ್ನನು ದೃಢಕಾಯನು. ಹುಡುಗನು ಯುದ್ಧಕ್ಕೆ ನಿಲ್ಲಲಿಲ್ಲ. ಪ್ರತಿವಾದಿಯು ಬಿಡುಗಡೆ ಹೊಂದಿದನು. ಮರುವರ್ಷ, ಎಂದರೆ 1819ರಲ್ಲಿ, ಪಾರ್ಲಿಮೆಂಟು ಆ ಪದ್ಧತಿಯನ್ನೇ ರದ್ದುಮಾಡಿತು. ತಂಗಿಗಾಗಿ ಹೊರಟು ಹಿಂದೆ ಸರಿದ ಆ ಹುಡುಗನನ್ನು ವಚನಭ್ರಷ್ಟನೆನ್ನಲು ಯಾವ ಸಹೃದಯನಿಗೆ ಬಾಯಿ ಬಂದೀತು? ತೋಳಿನ ಸೋಲು ಬೇರೆ, ಶ್ರದ್ಧೆಯ ಸೋಲು ಬೇರೆ. ಇವೆರಡಕ್ಕೂ ಒಂದೇ ಹೆಸರನ್ನಿಟ್ಟುದು ಹಳೆಯ ನ್ಯಾಯದ ಮೊದಲನೆಯ ದೋಷ.

ಎರಡನೆಯ ದೋಷವನ್ನು ತೋರಿಸಿಕೊಟ್ಟವನು ಷೇಕ್ಸ್‌ಪಿಯರ್ ಮಹಾಕವಿ. 1606ರ ಡಿಸೆಂಬರಿನಲ್ಲಿ ಅರಸನ ಸಮ್ಮುಖದಲ್ಲಿ ಅಭಿನಯಿಸಲ್ಪಟ್ಟ ‘ಲಿಯರ್ ಮಹಾರಾಜ’ ನಾಟಕದಲ್ಲಿ, ಮುಖಸ್ತುತಿ ಮಾಡಲೊಲ್ಲದ ಕಿರಿಯ ಮಗಳನ್ನು ಮುದುಕ ದೊರೆಯು ಕೋಪದ ಭರದಲ್ಲಿ ಪರಿತ್ಯಜಿಸುತ್ತಾನೆ. ಕೆಂಟ್ ಎಂಬ ಸಾಮಂತನು ಅಡ್ಡಬಂದು, ಈ ಪ್ರತಿಜ್ಞೆಯನ್ನು ಬಿಡಬೇಕೆಂದು ಬೇಡುತ್ತಾನೆ. ತನ್ನ ಶಪಥವನ್ನು ಮುರಿಯಿಸಬಂದವನೆಂದು ದೊರೆಯು ಅವನನ್ನು ಬೈಯುವುದು ಇದೇ ‘ರೆಕ್ರಿಯಂಟ್’ ಎಂಬ ಮಾತಿನಿಂದ. ಹತ್ತನೆಯ ದಿವಸ ರಾಜ್ಯದಲ್ಲಿ ಕಂಡರೆ ಮರಣದಂಡನೆಯೆಂದು ಅವನನ್ನು ಗಡೀಪಾರು ಮಾಡುತ್ತಾನೆ. ಆ ಕೆಂಟನೇ ವೇಷ ಮರೆಸಿಕೊಂಡು ಹಿಂದಿರುಗಿ, ಬಿರುಗಾಳಿಯಲ್ಲಿ ದಿಕ್ಕುಗೆಟ್ಟ ಅದೇ ಒಡೆಯನನ್ನು ಸೇವಕನಾಗಿ ಕಾಯುತ್ತಾನೆ. ಮಾತನ್ನು ಉಳಿಸಿಕೊಂಡ ದೊರೆಯು ಮನೆಯನ್ನೂ ರಾಜ್ಯವನ್ನೂ ಕೆಡಿಸಿದನು; ದ್ರೋಹಿಯೆನಿಸಿಕೊಂಡವನು ಕಡೆಯವರೆಗೂ ನಿಷ್ಠನಾಗಿ ಉಳಿದನು. ನಿಂದೆಯು ನುಡಿದವನ ತಲೆಯ ಮೇಲೆಯೇ ಬಿದ್ದಿತು.

ಮಹಾಭಾರತವನ್ನು ಬಲ್ಲವರಿಗೆ ಇದು ಹೊಸತೆನಿಸದು. ಗಾಂಡೀವವನ್ನು ಬಿಡೆಂದವನ ತಲೆಯನ್ನು ಕತ್ತರಿಸುವೆನೆಂಬುದು ಅರ್ಜುನನ ವ್ರತವಾಗಿತ್ತು. ಕರ್ಣಪರ್ವದಲ್ಲಿ ಧರ್ಮರಾಯನೇ ಆ ಮಾತನ್ನಾಡಲು, ಅವನು ಅಣ್ಣನ ಮೇಲೆ ಕತ್ತಿಯನ್ನು ಹಿರಿದನು. ಆಗ ಶ್ರೀಕೃಷ್ಣನು ಅವನನ್ನು ತಡೆದು, ಸತ್ಯವ್ರತವೆಂಬ ಹಟದಿಂದ ನಿರಪರಾಧಿಗಳ ಅಡಗುದಾಣವನ್ನು ದರೋಡೆಗಾರರಿಗೆ ತೋರಿಸಿ ನರಕಕ್ಕೆ ಹೋದ ಕೌಶಿಕನ ಕಥೆಯನ್ನು ಹೇಳಿದನು. ಆವೇಶದಲ್ಲಿ ಮಾಡಿದ ಪ್ರತಿಜ್ಞೆಗೆ ಅಣ್ಣನ ಕೊರಳನ್ನು ಕೇಳುವ ಅಧಿಕಾರವಿಲ್ಲ.

ಹೀಗಾದರೆ ಪ್ರತಿಯೊಬ್ಬ ಮಾತುತಪ್ಪಿದವನೂ ಕೃಷ್ಣನ ಹೆಸರನ್ನು ಹೇಳಿ ಪಾರಾಗುವನಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸಾಧುವಾದುದೇ. ವೀಳ್ಯವನ್ನು ಬದಲಾಯಿಸಿಕೊಂಡ ಮೇಲೆ ಹೆಚ್ಚಿನ ವರದಕ್ಷಿಣೆಯ ಕಡೆಗೆ ಹೊರಳಿದ ಗಂಡಿನ ತಂದೆಗೆ ಜಾತಕ ಸೇರಲಿಲ್ಲವೆಂಬ ನೆವವು ಯಾವಾಗಲೂ ಸಿದ್ಧವಾಗಿರುತ್ತದೆ. ಸಾಲವನ್ನು ನುಂಗಿದವನಿಗೂ ಒಂದು ಧರ್ಮಸೂಕ್ಷ್ಮ ಹೊಳೆಯದಿರದು. ಆದಕಾರಣ ಇಲ್ಲಿ ಒಂದು ಒರೆಗಲ್ಲು ಬೇಕು. ಹಿಂದೆ ತಿರುಗಿದುದರ ಬೆಲೆಯನ್ನು ತೆತ್ತವರಾರು ಎಂಬುದೇ ಆ ಒರೆಗಲ್ಲು. ಗಂಡಿನ ತಂದೆಯ ಹೊರಳಾಟಕ್ಕೆ ಹೆಣ್ಣಿನ ಮನೆಯವರು ಬೆಲೆ ತೆರುತ್ತಾರೆ, ಲಾಭವು ಹೊರಳಿದವನಿಗೆ. ಕೆಂಟನು ತನ್ನ ಸ್ಥಾನಮಾನಗಳನ್ನು ತಾನೇ ತೆತ್ತನು. ತನಗೆ ಲಾಭವಾಗುವ ಕಡೆಗೆ ತಿರುಗಿದವನ ಧರ್ಮಸೂಕ್ಷ್ಮವನ್ನು ಸಂಶಯದಿಂದಲೇ ನೋಡಬೇಕು.

ಇನ್ನು, ನಿಜವಾಗಿಯೂ ಭಯದಿಂದ ಜಾರಿದವನ ಗತಿಯೇನು? ಇದಕ್ಕೆ ಥಾಮಸ್ ಕ್ರ್ಯಾನ್‌ಮರನ ಚರಿತ್ರೆಯೇ ದೃಷ್ಟಾಂತ. 1533ರಿಂದ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನಾಗಿ ಹೊಸ ಮತದ ಪ್ರಾರ್ಥನಾಗ್ರಂಥವನ್ನು ರೂಪಿಸಿದ ಈತನು, ಮೇರಿ ರಾಣಿಯ ಆಳ್ವಿಕೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಬಂದಿಯಾದನು. ಅವನ ಇಬ್ಬರು ಸಂಗಡಿಗರಾದ ಲ್ಯಾಟಿಮರನೂ ರಿಡ್ಲಿಯೂ 1555ರ ಅಕ್ಟೋಬರಿನಲ್ಲಿ ಬೆಂಕಿಗೆ ಬಲಿಯಾದರು. ಕ್ರ್ಯಾನ್‌ಮರನ ಧೈರ್ಯ ಕುಸಿಯಿತು. ತನ್ನ ಶ್ರದ್ಧೆಯನ್ನು ತಾನೇ ನಿರಾಕರಿಸಿ ಒಂದರ ಮೇಲೊಂದರಂತೆ ಆರು ಪತ್ರಗಳಿಗೆ ರುಜುಹಾಕಿದನು. ಪಶ್ಚಾತ್ತಾಪಪಟ್ಟವನನ್ನು ಸುಡುವುದು ವಾಡಿಕೆಯಲ್ಲವಾದರೂ ರಾಣಿಯು ಅವನನ್ನು ಬಿಡಲಿಲ್ಲ. 1556ರ ಮಾರ್ಚಿ 21ರಂದು ತನ್ನ ನಿರಾಕರಣವನ್ನು ಸಭೆಯಲ್ಲಿ ಮತ್ತೊಮ್ಮೆ ಸಾರಲು ಅವನನ್ನು ದೇವಾಲಯಕ್ಕೆ ಕರೆತಂದರು. ಅಲ್ಲಿ ಅವನು, ಪ್ರಾಣಭಯದಿಂದ ಬರೆದುದೆಲ್ಲವೂ ಸುಳ್ಳೆಂದೂ, ಬರೆದ ಕೈಯೇ ಮೊದಲು ಸುಡತಕ್ಕುದೆಂದೂ ಹೇಳಿಬಿಟ್ಟನು. ಉರಿಯೆದ್ದಾಗ ಬಲಗೈಯನ್ನು ತಾನೇ ಅದರೊಳಗೆ ಚಾಚಿದನು.

ಸಾವು ಹೇಗೂ ತಪ್ಪದೆಂದು ಕಂಡ ಮೇಲಿನ ಧೈರ್ಯವೇನು ದೊಡ್ಡದೆಂದು ಹಂಗಿಸುವವರುಂಟು. ಆದರೆ ಸಾವು ತಪ್ಪದಿದ್ದರೂ ಸದ್ದಿಲ್ಲದೆ ಸಾಯುವ ಹಾದಿ ಅವನಿಗೆ ತೆರೆದೇ ಇತ್ತು. ತುಂಬಿದ ಸಭೆಯ ಎದುರಿಗೆ, ಆರು ಸಲ ಸುಳ್ಳು ಬರೆದ ಹೇಡಿ ತಾನೆಂದು ಒಪ್ಪಿಕೊಳ್ಳುವಂತೆ ಯಾರೂ ಅವನನ್ನು ಬಲಾತ್ಕರಿಸಿರಲಿಲ್ಲ. ಆ ಒಪ್ಪಿಗೆಯೇ ಅವನು ತೆತ್ತ ಬೆಲೆ.

ವ್ರತದಿಂದ ಜಾರಿದವನ ವಿಷಯವನ್ನು ವೇದಾಂತಸೂತ್ರಗಳ ಮೂರನೆಯ ಅಧ್ಯಾಯದ ಕೊನೆಯ ಪಾದವೂ ಚರ್ಚಿಸುತ್ತದೆ. ಆರೂಢಪತಿತನಿಗೆ ಪ್ರಾಯಶ್ಚಿತ್ತವೇ ಇಲ್ಲವೆಂದು ಒಂದು ಮತ, ಉಂಟೆಂದು ಇನ್ನೊಂದು ಮತ. ಹೇಗಾದರೂ ಶಿಷ್ಟರು ಅವನನ್ನು ಹೊರಗಿಡಬೇಕೆಂಬುದು ಅಲ್ಲಿಯ ನಿರ್ಣಯ. ಸಮಾಜವು ತನ್ನ ವ್ರತಗಳ ಬೆಲೆಯನ್ನು ಕಾಯ್ದುಕೊಳ್ಳಲು ಅಂತಹ ಕಟ್ಟಳೆಯನ್ನು ಮಾಡಿರಬಹುದು. ಆದರೆ ಗೀತೆಯ ಆರನೆಯ ಅಧ್ಯಾಯದಲ್ಲಿ, ಯೋಗದಿಂದ ಜಾರಿದವನು ಎರಡೂ ಕಡೆ ಕೆಟ್ಟು ನಾಶವಾಗುವನೇ ಎಂದು ಅರ್ಜುನನು ಕೇಳಿದಾಗ, ಭಗವಂತನು ಇಲ್ಲವೆಂದನು. ಹಿಂದೆ ಗಳಿಸಿದುದು ಅವನಿಗೆ ಮರಳಿ ದೊರೆಯುವುದೆಂದೂ, ಬಿಟ್ಟಲ್ಲಿಂದಲೇ ಅವನು ಮುಂದೆ ಯತ್ನಿಸುವನೆಂದೂ ಭರವಸೆಯಿತ್ತನು.

ದೊಣ್ಣೆಯ ಕಾಳಗದ ನ್ಯಾಯವು ಪಾರ್ಲಿಮೆಂಟಿನ ಶಾಸನದಿಂದ ಅಳಿಯಿತು. ಮನೆಮನೆಯಲ್ಲಿ ಅದು ಇನ್ನೂ ಅಳಿದಿಲ್ಲ. ಒಮ್ಮೆ ಮಾತಿಗೆ ತಪ್ಪಿದ ಮಗನ ಮಾತನ್ನು ಮುಂದೆಂದೂ ನಂಬದ ತಂದೆಯೂ, ಒಮ್ಮೆ ಸುಳ್ಳಾಡಿದ ಆಳಿನ ಸಾಕ್ಷ್ಯವನ್ನು ಎಂದೆಂದಿಗೂ ತಳ್ಳಿಹಾಕುವ ಯಜಮಾನನೂ ಆ ಹಳೆಯ ನ್ಯಾಯಸ್ಥಾನದಲ್ಲಿಯೇ ಕುಳಿತಿರುತ್ತಾರೆ. ಜಾರಿದುದನ್ನು ಜಾರಲಿಲ್ಲವೆನ್ನಬೇಕಾಗಿಲ್ಲ, ಹಾಗೆನ್ನುವುದು ಇನ್ನೊಂದು ಸುಳ್ಳು. ಆದರೆ ಅವನು ಮರಳಿ ಏಳಲು ಕೈಯೂರಿದಾಗ, ಆ ಕೈಯನ್ನು ತುಳಿಯದಿರುವಷ್ಟಾದರೂ ಶ್ರದ್ಧೆಯು ನೋಡುವವರಲ್ಲಿ ಇರಬೇಕು.