ನದಿಯ ಮೂಲ, ನಮ್ಮ ಮೂಲ

ನದಿ ಮೂಲ, ಋಷಿ ಮೂಲ ಕೇಳಬಾರದು ಅಂತ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕೇಳಬಾರದ ಈ ಪಟ್ಟಿಗೆ ನಮ್ಮ ಮೂಲವನ್ನು ಮಾತ್ರ ಯಾರೂ ಸೇರಿಸಲಿಲ್ಲ. ಕೇರಿಯ ಹುಡುಗ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಲಿ, ಹಳ್ಳಿಗೆ ಹೊಸ ಮೇಷ್ಟ್ರು ಬರಲಿ, 'ನೀವು ಯಾವ ಪೈಕಿ?' ಅನ್ನೋದೇ ಮೊದಲ ಮಾತು.

ಈಗ ನದಿಯ ಮೂಲವನ್ನೂ ಹುಡುಕಿಕೊಂಡು ಜನ ಹೋಗುತ್ತಿದ್ದಾರೆ. ನಮ್ಮ ಕಡೆಯಿಂದಲೂ ಗಂಗೋತ್ರಿ, ಯಮುನೋತ್ರಿಗೆ ಯಾತ್ರೆ ಹೊರಡುತ್ತಾರೆ. ಬರುವಾಗ ತಾಮ್ರದ ಗಿಂಡಿಯಲ್ಲಿ ಗಂಗಾಜಲ ತಂದು ದೇವರ ಗೂಡಿನಲ್ಲಿಡುತ್ತಾರೆ. ಸಾಯೋ ಮುಂಚೆ ಒಮ್ಮೆ ಆ ನೀರು ನೋಡಬೇಕು ಅನ್ನುವ ಮುದುಕಿಯ ಆಸೆಯನ್ನು ನಾನು ಹೀಯಾಳಿಸುವವನಲ್ಲ. ನನ್ನ ಪ್ರಶ್ನೆ ಬೇರೆ. ಕಾಶಿಯಲ್ಲೂ ಹರಿಯುವ ಅದೇ ನೀರು ಬೆಟ್ಟದ ಮೇಲೆ ಇನ್ನೂ ಪವಿತ್ರ ಹೇಗಾಯ್ತು? 'ಅಲ್ಲಿ ಯಾರೂ ಮುಟ್ಟಿಲ್ಲ ಕಣಯ್ಯ' ಅಂತಾರೆ.

ಗೆಳೆಯರೇ, ಈ ಲೆಕ್ಕ ನಮಗೆ ಹೊಸದಲ್ಲ. ಮುಟ್ಟದ್ದು ಮಡಿ, ಮುಟ್ಟಿದ್ದು ಮೈಲಿಗೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಅದೇ ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು. ಸಗಣಿಯಿಂದ ಕೆಡದ ನೀರು ಮನುಷ್ಯನ ಬೊಗಸೆಯಿಂದ ಕೆಟ್ಟಿತ್ತು!

ಸರಿ, ಮೂಲವನ್ನೇ ನೋಡೋಣ. ಗಂಗೋತ್ರಿಯಿಂದ ಸುಮಾರು 18 ಕಿಲೋಮೀಟರ್ ನಡೆದರೆ ಗೋಮುಖ, ಸುಮಾರು 4,000 ಮೀಟರ್ ಎತ್ತರದಲ್ಲಿ. ಹಿಮನದಿಯ ಬಾಯಿಂದ ಧುಮುಕುವ ನೀರು ಸ್ಫಟಿಕದ ಹಾಗಿಲ್ಲ. ಬಂಡೆ ಅರೆದ ಹುಡಿ ಹೊತ್ತು ಬೂದಿ ಬಣ್ಣಕ್ಕಿದೆ. 1935ರಿಂದ ಈಚೆಗೆ ಆ ಬಾಯಿ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದಿದೆ. ಅಜ್ಜ ಕೈಮುಗಿದ ಮೂಲ ಮೊಮ್ಮಗನ ಕಾಲಕ್ಕೆ ಅಲ್ಲಿಲ್ಲ. ಅಲ್ಲಿ ನದಿಯ ಹೆಸರೂ ಗಂಗೆಯಲ್ಲ, ಭಾಗೀರಥಿ. ಕೆಳಗೆ ದೇವಪ್ರಯಾಗದಲ್ಲಿ ಅಲಕನಂದೆ ಬಂದು ಕೂಡಿದ ಮೇಲೇ ಗಂಗೆ ಅನ್ನೋ ಹೆಸರು. ಬೆರೆತ ಮೇಲೆ ಹುಟ್ಟಿದ ಹೆಸರು ಅದು. ನದಿಗೇ ಇಲ್ಲದ ಒಂದೇ ಒಂದು ಶುದ್ಧ ಮೂಲ ಜಾತಿಗೆ ಎಲ್ಲಿಂದ ಬಂತು?

ಇನ್ನು ಮುಟ್ಟುವ ಮಾತು. ಯಮುನೋತ್ರಿಯ ಏರು ಕಡಿದು. ನಡೆಯಲಾರದ ಯಾತ್ರಿಕರನ್ನು ದಂಡಿಯಲ್ಲಿ ನಾಲ್ವರು ಹೊರುತ್ತಾರೆ. ಕಂಡಿ ಅನ್ನೋ ಬುಟ್ಟಿಯಲ್ಲಾದರೆ ಒಬ್ಬನೇ ಬೆನ್ನ ಮೇಲೆ ಹೊರುತ್ತಾನೆ. ಅವರಲ್ಲಿ ನೇಪಾಳದಿಂದ ಕೂಲಿಗೆ ಬಂದವರು ಬಹಳ. ಆ ಬೆವರಿನ ಬೆನ್ನು ಮೈಗೆ ತಾಗಿದರೆ ಅಲ್ಲಿ ಮೈಲಿಗೆಯಿಲ್ಲ. 'ಕೂಲಿ ಕೊಡ್ತೀವಲ್ಲ' ಅಂತೀರಾ? ಕೊಡಿ, ಚೌಕಾಸಿ ಮಾಡದೆ ಕೊಡಿ. ಆದರೆ ಹೊರುವಾಗ ಮನುಷ್ಯನಾದವನು ಇಳಿಸಿದ ಮೇಲೂ ಮನುಷ್ಯನೇ ಅಲ್ವಾ?

ಅದೇ ಬೆಟ್ಟಗಳಲ್ಲಿ ಕೂರುವ ಹಕ್ಕಿಗೂ ಜಗಳವಾಗಿದೆ. ಗಢವಾಲದಲ್ಲಿ ದಲಿತ ಮದುಮಕ್ಕಳು ಪಲ್ಲಕ್ಕಿ ಏರಬಾರದಿತ್ತು. ಅದರ ವಿರುದ್ಧ ಜಯಾನಂದ ಭಾರತಿ ಡೋಲಾ-ಪಾಲ್ಕಿ ಚಳವಳಿ ನಡೆಸಿದರು. ದೇಶ ಸ್ವತಂತ್ರವಾಗಿ 30 ವರ್ಷ ದಾಟಿದ ಮೇಲೆ, 1980ರ ಮೇ 9ರಂದು, ಪಕ್ಕದ ಕುಮಾವೂನಿನ ಕಫಲ್ಟಾ ಹಳ್ಳಿಯಲ್ಲಿ ದಲಿತ ಮದುಮಗನೊಬ್ಬ ಪಲ್ಲಕ್ಕಿಯಲ್ಲಿ ಹೊರಟಿದ್ದ. ಗುಡಿಯ ಮುಂದೆ ಇಳಿ ಅಂದರು. ಇಳಿಯಲಿಲ್ಲ. ದಿಬ್ಬಣದ 14 ದಲಿತರನ್ನು ಕೊಂದರು. ಕೆಲವರನ್ನು ಮನೆಯೊಳಗೆ ಕೂಡಿ ಸುಟ್ಟರು. ಹೊರಲು ನಮ್ಮ ಹೆಗಲು ಆದೀತು, ಕೂರಲು ನಮ್ಮ ಮೈ ಆಗದು. ಹಾಗಾದರೆ ಮೈಲಿಗೆ ಇದ್ದದ್ದು ಮುಟ್ಟಿನಲ್ಲಲ್ಲ, ಮೇಲು ಕೀಳಿನಲ್ಲಿ.

ಆದ್ದರಿಂದ ನಿಮ್ಮೂರಿಗೆ ಯಾರಾದರೂ ಗಂಗಾಜಲ ತಂದರೆ ಜಗಳ ಆಡಬೇಡಿ. ಕೂರಿಸಿಕೊಂಡು ಕೇಳಿ: ಯಾರ ಬೆನ್ನ ಮೇಲೆ ಹೋದಿರಿ? ಅವನ ಕೈಯಿಂದ ನೀರು ಕುಡಿದಿರಾ? ಆಮೇಲೆ ನಮ್ಮ ಕೇರಿಯ ಬಿಂದಿಗೆಯಿಂದ ಒಂದು ಲೋಟ ನೀರು ಮುಂದಿಡಿ. ಬಿಸಿಲಲ್ಲಿ ಬಂದಿರ್ತಾರೆ, ಬಾಯಾರಿರುತ್ತೆ. ಕುಡಿದರೆ ಅವರ ಯಾತ್ರೆ ಮುಟ್ಟಿತು. ಕುಡಿಯದಿದ್ದರೆ ಅವರು ಊರಿನಿಂದ ಇನ್ನೂ ಹೊರಟೇ ಇಲ್ಲ.